ನೇಗಿಲ ಓಣಿಯ ತಂಡ

ವಿಂಬಲ್ಡನ್ ಎಂದೊಡನೆ ಲೋಕದ ಜನರ ಮನಸ್ಸಿಗೆ ಬರುವುದು ಟೆನಿಸ್ ಆಟ. ಹಸಿರು ಹುಲ್ಲಿನ ಅಂಗಣ, ಅಚ್ಚ ಬಿಳಿಯ ಉಡುಪಿನ ಆಟಗಾರರು, ಶಿಸ್ತಿನಿಂದ ಕುಳಿತು ಮೆಲ್ಲನೆ ಚಪ್ಪಾಳೆ ತಟ್ಟುವ ಪ್ರೇಕ್ಷಕರು – ಲಂಡನ್ ಮಹಾನಗರದ ನೈಋತ್ಯ ದಿಕ್ಕಿನಲ್ಲಿರುವ ಆ ಊರಿಗೆ ಕೀರ್ತಿ ಬಂದುದು ಇವುಗಳಿಂದಲೇ. ಆದರೆ ಅದೇ ಊರಿನಲ್ಲಿ ಕಾಲ್ಚೆಂಡಾಟದ ಇನ್ನೊಂದು ಕಥೆಯೂ ನಡೆದಿದೆ. ಅದರಲ್ಲಿ ಶ್ರೀಮಂತಿಕೆಯ ಸೊಗಸಿಲ್ಲ. ಕೆಸರಿದೆ, ಬೆವರಿದೆ, ಕಣ್ಣೀರಿದೆ, ಕೊನೆಗೆ ನಗುವೂ ಇದೆ. ಒಂದು ತಂಡ ನಿಜವಾಗಿ ಯಾರದು? ಹಣ ತೆತ್ತು ಕೊಂಡವರದೋ, ಮಳೆಯೆನ್ನದೆ ಚಳಿಯೆನ್ನದೆ ವಾರವಾರವೂ ಬಂದು ಅದಕ್ಕಾಗಿ ಕೂಗಿದವರದೋ? ಈ ಪ್ರಶ್ನೆಯನ್ನು ವಿಂಬಲ್ಡನ್ನಿನ ಸಾಮಾನ್ಯ ಜನ ಒಮ್ಮೆ ಎದುರಿಸಬೇಕಾಯಿತು. ಅವರು ಅದಕ್ಕೆ ಕೊಟ್ಟ ಉತ್ತರ ಕ್ರೀಡೆಯ ಇತಿಹಾಸದಲ್ಲಿ ನೆನಪಿಡತಕ್ಕದ್ದಾಗಿದೆ.

1889ರಲ್ಲಿ ವಿಂಬಲ್ಡನ್ನಿನ ಸೆಂಟ್ರಲ್ ಶಾಲೆಯ ಹಳೆಯ ವಿದ್ಯಾರ್ಥಿಗಳು ಒಂದು ಕಾಲ್ಚೆಂಡಿನ ತಂಡವನ್ನು ಕಟ್ಟಿದರು. ಅದರ ಹೆಸರು ‘ವಿಂಬಲ್ಡನ್ ಓಲ್ಡ್ ಸೆಂಟ್ರಲ್ಸ್’. ಸ್ವಂತ ಅಂಗಣವಿಲ್ಲದ ಈ ತರುಣರು ಊರ ಪಕ್ಕದ ವಿಶಾಲವಾದ ಸಾರ್ವಜನಿಕ ಬಯಲಿನಲ್ಲಿ ಆಡುತ್ತಿದ್ದರು. ಉಡುಪು ಬದಲಿಸಿಕೊಳ್ಳಲು ಹತ್ತಿರದ ಒಂದು ಪಾನಗೃಹವೇ ಆಸರೆ. 1905ರಲ್ಲಿ ತಂಡದ ಹೆಸರು ‘ವಿಂಬಲ್ಡನ್’ ಎಂದಷ್ಟೇ ಆಯಿತು. 1912ರಲ್ಲಿ ಪ್ಲೌ ಲೇನ್ ಎಂಬಲ್ಲಿ ತಂಡಕ್ಕೆ ಒಂದು ಅಂಗಣ ದೊರೆಯಿತು. ಪ್ಲೌ ಲೇನ್ ಎಂದರೆ ನೇಗಿಲ ಓಣಿ. ಅಂದಿನಿಂದ ಸುಮಾರು ಎಂಬತ್ತು ವರ್ಷಗಳ ಕಾಲ ಆ ಓಣಿಯ ಹೆಸರೂ ತಂಡದ ಹೆಸರೂ ಬೇರ್ಪಡಿಸಲಾರದಂತೆ ಬೆಸೆದುಕೊಂಡುವು.

ಈ ಕಥೆಯನ್ನು ತಿಳಿಯಬೇಕಾದರೆ ಇಂಗ್ಲೆಂಡಿನ ಕಾಲ್ಚೆಂಡಾಟದ ಏರ್ಪಾಡನ್ನು ಸ್ವಲ್ಪ ಅರಿತಿರಬೇಕು. ಅಲ್ಲಿನ ತಂಡಗಳು ಒಂದು ಏಣಿಯ ಮೆಟ್ಟಿಲುಗಳಲ್ಲಿ ನಿಂತಂತೆ ಹಲವು ದರ್ಜೆಗಳಲ್ಲಿ ಹಂಚಿಹೋಗಿವೆ. ಋತುವಿನ ಕೊನೆಗೆ ಚೆನ್ನಾಗಿ ಆಡಿದ ತಂಡಗಳು ಮೇಲಿನ ದರ್ಜೆಗೆ ಏರುತ್ತವೆ. ಹಿಂದುಳಿದವು ಕೆಳಗಿನ ದರ್ಜೆಗೆ ಇಳಿಯುತ್ತವೆ. ಇದಲ್ಲದೆ 1871ರಲ್ಲಿ ಆರಂಭವಾದ ‘ಎಫ್. ಎ. ಕಪ್’ ಎಂಬ ಪ್ರತ್ಯೇಕ ಸ್ಪರ್ಧೆಯೊಂದಿದೆ. ಅದರಲ್ಲಿ ದೊಡ್ಡ ತಂಡಗಳೊಡನೆ ಸಣ್ಣ ಊರಿನ ತಂಡಗಳೂ ಸೆಣಸಬಹುದು. ಆನೆಯ ಎದುರಿಗೆ ಇರುವೆ ನಿಲ್ಲುವ ಅವಕಾಶ ಆ ಸ್ಪರ್ಧೆಯಲ್ಲುಂಟು. ಒಮ್ಮೊಮ್ಮೆ ಇರುವೆಯೇ ಗೆಲ್ಲುವುದೂ ಉಂಟು.

ವಿಂಬಲ್ಡನ್ ಬಹುಕಾಲ ಹವ್ಯಾಸಿಗಳ ತಂಡವಾಗಿಯೇ ಉಳಿಯಿತು. ಆಟಗಾರರು ಹಗಲೆಲ್ಲ ತಮ್ಮ ತಮ್ಮ ಕೆಲಸಗಳಲ್ಲಿದ್ದು, ಬಿಡುವಿನಲ್ಲಿ ಅಭ್ಯಾಸ ಮಾಡುತ್ತಿದ್ದರು. 1931ರಿಂದ 1964ರ ನಡುವೆ ಈ ತಂಡ ಇಸ್ತ್‌ಮಿಯನ್ ಲೀಗಿನಲ್ಲಿ ಎಂಟು ಬಾರಿ ಪ್ರಥಮ ಸ್ಥಾನ ಪಡೆಯಿತು. 1963ರಲ್ಲಿ ಹವ್ಯಾಸಿಗಳ ಕಪ್ಪಿನ ಅಂತಿಮ ಪಂದ್ಯ ವೆಂಬ್ಲಿ ಕ್ರೀಡಾಂಗಣದಲ್ಲಿ ನಡೆಯಿತು. ಅಂದು ಸಟನ್ ಯುನೈಟೆಡ್ ತಂಡವನ್ನು ವಿಂಬಲ್ಡನ್ 4–2 ಗೋಲುಗಳಿಂದ ಸೋಲಿಸಿತು. ಆ ನಾಲ್ಕು ಗೋಲುಗಳನ್ನೂ ಹೊಡೆದವರು ಎಡ್ಡಿ ರೆನಾಲ್ಡ್ಸ್ ಎಂಬ ಒಬ್ಬರೇ ಆಟಗಾರರು. ಅದೂ ನಾಲ್ಕನ್ನೂ ತಲೆಯಿಂದಲೇ! ಮರುವರ್ಷ, ಅಂದರೆ 1964ರಲ್ಲಿ, ತಂಡ ವೃತ್ತಿಪರವಾಯಿತು.

1975ರ ಜನವರಿಯಲ್ಲಿ ಈ ಪುಟ್ಟ ತಂಡದ ಹೆಸರು ಇಡೀ ದೇಶಕ್ಕೆ ಕೇಳಿಸಿತು. ಇನ್ನೂ ರಾಷ್ಟ್ರೀಯ ಲೀಗಿನ ಹೊಸಿಲನ್ನೂ ದಾಟದಿದ್ದ ವಿಂಬಲ್ಡನ್, ಎಫ್. ಎ. ಕಪ್ಪಿನಲ್ಲಿ ಪ್ರಥಮ ದರ್ಜೆಯ ಬರ್ನ್‌ಲಿ ತಂಡವನ್ನು ಅದರ ಅಂಗಣದಲ್ಲಿಯೇ 1–0ರಿಂದ ಸೋಲಿಸಿತು. ಮುಂದಿನ ಸುತ್ತಿನಲ್ಲಿ ಎದುರಾದುದು ಆಗಿನ ಲೀಗ್ ವಿಜೇತ ಲೀಡ್ಸ್ ಯುನೈಟೆಡ್. ಪಂದ್ಯದ ಕೊನೆಯ ಭಾಗದಲ್ಲಿ ಲೀಡ್ಸ್ ತಂಡಕ್ಕೆ ಪೆನಾಲ್ಟಿ ಒದೆತ ದೊರೆಯಿತು. ಒದೆಯಲು ಬಂದವರು ಬಿರುಸಾದ ಹೊಡೆತಕ್ಕೆ ಹೆಸರಾದ ಪೀಟರ್ ಲೊರಿಮರ್. ವಿಂಬಲ್ಡನ್ನಿನ ಗೋಲ್‌ಕೀಪರ್ ಡಿಕಿ ಗೈ ಆ ಚೆಂಡನ್ನು ತಡೆದರು. ಪಂದ್ಯ ಗೋಲಿಲ್ಲದೆ ಮುಗಿಯಿತು. ಮರುಪಂದ್ಯದಲ್ಲಿ ಲೊರಿಮರ್ ಹೊಡೆದ ಚೆಂಡು ವಿಂಬಲ್ಡನ್ನಿನ ಆಟಗಾರ ಡೇವ್ ಬ್ಯಾಸೆಟ್ ಅವರಿಗೆ ತಗುಲಿ, ದಿಕ್ಕು ಬದಲಿಸಿ ಗೋಲಿನೊಳಗೆ ಹೋಯಿತು. ವಿಂಬಲ್ಡನ್ ಸೋತಿತು, ಆದರೆ ಗೆದ್ದವರಿಗಿಂತ ಹೆಚ್ಚಿನ ಗೌರವವನ್ನು ಸಂಪಾದಿಸಿತು.

ಆಗ ಲೀಗಿಗೆ ಹೊಸ ತಂಡಗಳ ಪ್ರವೇಶ ಮತದಾನದಿಂದ ನಿರ್ಧಾರವಾಗುತ್ತಿತ್ತು. 1975, 1976, 1977 – ಈ ಮೂರು ವರ್ಷ ಒಂದೇ ಸಮನೆ ಸದರ್ನ್ ಲೀಗನ್ನು ಗೆದ್ದ ವಿಂಬಲ್ಡನ್ 1977ರಲ್ಲಿ ವರ್ಕಿಂಗ್‌ಟನ್ ತಂಡದ ಬದಲಿಗೆ ಆಯ್ಕೆಯಾಗಿ, ನಾಲ್ಕನೆಯ ದರ್ಜೆಯನ್ನು ಪ್ರವೇಶಿಸಿತು. ಮುಂದಿನ ಹಾದಿ ನೇರವಾಗಿರಲಿಲ್ಲ. 1979ರಲ್ಲಿ ಏರಿತು, 1980ರಲ್ಲಿ ಇಳಿಯಿತು. 1981ರಲ್ಲಿ ಮತ್ತೆ ಏರಿ, 1982ರಲ್ಲಿ ಮತ್ತೆ ಇಳಿಯಿತು. 1975ರಲ್ಲಿ ದುರದೃಷ್ಟದ ಚೆಂಡಿಗೆ ಅಡ್ಡಬಂದ ಡೇವ್ ಬ್ಯಾಸೆಟ್ ಅವರೇ ಈಗ ತಂಡದ ವ್ಯವಸ್ಥಾಪಕರಾಗಿದ್ದರು. ಅವರ ಕೈಯಲ್ಲಿ ತಂಡ 1983ರಲ್ಲಿ ಮೂರನೆಯ ದರ್ಜೆಗೆ, 1984ರಲ್ಲಿ ಎರಡನೆಯ ದರ್ಜೆಗೆ, 1986ರಲ್ಲಿ ಪ್ರಥಮ ದರ್ಜೆಗೆ ಏರಿತು. ಒಂಬತ್ತೇ ವರ್ಷಗಳಲ್ಲಿ ಏಣಿಯ ಬುಡದಿಂದ ತುದಿಯನ್ನು ಮುಟ್ಟಿದಂತಾಯಿತು.

ತುದಿಯಲ್ಲಿದ್ದವರಿಗೆ ಈ ಹೊಸಬರು ಅಷ್ಟಾಗಿ ಹಿಡಿಸಲಿಲ್ಲ. ವಿಂಬಲ್ಡನ್ನಿನ ಆಟ ನಯವಾದುದಲ್ಲ. ಚೆಂಡನ್ನು ದೂರಕ್ಕೆ ಹೊಡೆದು, ಅದರ ಹಿಂದೆ ಮೈಮುರಿದು ಓಡುವುದೇ ಅವರ ತಂತ್ರ. ಕಟ್ಟಡದ ಕೆಲಸಗಾರರಾಗಿದ್ದ ವಿನ್ನಿ ಜೋನ್ಸ್‌ರಂಥವರು ಆ ತಂಡದಲ್ಲಿದ್ದರು. ಅವರ ಒರಟುತನವನ್ನೂ ಹುಡುಗಾಟವನ್ನೂ ಕಂಡ ಜನ ‘ಹುಚ್ಚರ ತಂಡ’ ಎಂದು ಹೆಸರಿಟ್ಟರು. ಆ ಟೀಕೆಯಲ್ಲಿ ಸತ್ಯವಿಲ್ಲದೆ ಇರಲಿಲ್ಲ. ಎದುರಾಳಿಗಳಿಗೆ ನೋವಾಗುವಂತಹ ಆಟವನ್ನೂ ಅವರು ಆಡಿದ್ದುಂಟು. ಆದರೆ ಬಡ ತಂಡವೊಂದು ತನಗಿದ್ದ ಬಲವನ್ನೇ ನಂಬಿ ಶ್ರೀಮಂತರ ಪಂಕ್ತಿಯಲ್ಲಿ ಕುಳಿತುದನ್ನು ಯಾರೂ ಅಲ್ಲಗಳೆಯುವಂತಿರಲಿಲ್ಲ.

1988ರ ಮೇ 14. ವೆಂಬ್ಲಿಯಲ್ಲಿ ಎಫ್. ಎ. ಕಪ್ಪಿನ ಅಂತಿಮ ಪಂದ್ಯ. ಎದುರಾಳಿ ಆ ವರ್ಷದ ಲೀಗ್ ವಿಜೇತ ಲಿವರ್‌ಪೂಲ್. ತೊಂಬತ್ತೆಂಟು ಸಾವಿರ ಪ್ರೇಕ್ಷಕರು ನೆರೆದಿದ್ದರು. ಲಿವರ್‌ಪೂಲಿನ ಗೆಲುವು ನಿಶ್ಚಿತವೆಂದೇ ಎಲ್ಲರ ಎಣಿಕೆ. ಮೊದಲ ಅರ್ಧದ 37ನೆಯ ನಿಮಿಷದಲ್ಲಿ ಲಾರಿ ಸಾಂಚೆಜ್ ಚೆಂಡನ್ನು ತಲೆಯಿಂದ ತಾಗಿಸಿ ಗೋಲಿಗೆ ಕಳುಹಿಸಿದರು. ಎರಡನೆಯ ಅರ್ಧದಲ್ಲಿ ಲಿವರ್‌ಪೂಲಿಗೆ ಪೆನಾಲ್ಟಿ ದೊರೆಯಿತು. ಒದೆದವರು ಜಾನ್ ಆಲ್ಡ್ರಿಜ್. ವಿಂಬಲ್ಡನ್ನಿನ ನಾಯಕರೂ ಗೋಲ್‌ಕೀಪರೂ ಆಗಿದ್ದ ಡೇವ್ ಬೆಸಂಟ್ ಎಡಕ್ಕೆ ಹಾರಿ ಅದನ್ನು ತಡೆದರು. ವೆಂಬ್ಲಿಯ ಕಪ್ ಅಂತಿಮ ಪಂದ್ಯಗಳಲ್ಲಿ ಗೋಲ್‌ಕೀಪರ್ ಪೆನಾಲ್ಟಿಯನ್ನು ತಡೆದುದು ಅದೇ ಮೊದಲು. ಲೀಗಿಗೆ ಬಂದು ಹನ್ನೊಂದೇ ವರ್ಷವಾಗಿದ್ದ ತಂಡ 1–0ರಿಂದ ಗೆದ್ದು ಕಪ್ಪನ್ನು ಎತ್ತಿಹಿಡಿಯಿತು. ನೇಗಿಲ ಓಣಿಯವರ ಬಾಳಿನಲ್ಲಿ ಅದು ಬೆಳ್ಳಿಯ ಸಂಜೆ.

ಆದರೆ ಏರಿದ ಬಿಸಿಲು ಇಳಿಯಲೇಬೇಕು. 1989ರ ಏಪ್ರಿಲ್ 15ರಂದು ಷೆಫೀಲ್ಡ್ ನಗರದ ಹಿಲ್ಸ್‌ಬರೋ ಕ್ರೀಡಾಂಗಣದಲ್ಲಿ ನೂಕುನುಗ್ಗಲಿಗೆ ಸಿಕ್ಕಿ ಲಿವರ್‌ಪೂಲಿನ 97 ಮಂದಿ ಅಭಿಮಾನಿಗಳು ಪ್ರಾಣ ಕಳೆದುಕೊಂಡರು. ಆ ದುರಂತದ ವಿಚಾರಣೆ ನಡೆಸಿದ ನ್ಯಾಯಮೂರ್ತಿ ಟೇಲರ್ ಅವರು, ದೊಡ್ಡ ಕ್ರೀಡಾಂಗಣಗಳಲ್ಲಿ ಪ್ರೇಕ್ಷಕರು ನಿಲ್ಲುವ ಕಟ್ಟೆಗಳನ್ನು ತೆಗೆದು ಎಲ್ಲರಿಗೂ ಆಸನಗಳಿರಬೇಕೆಂದು 1990ರಲ್ಲಿ ಶಿಫಾರಸು ಮಾಡಿದರು. ಜನರ ಜೀವ ಉಳಿಸುವ ಈ ಸುಧಾರಣೆ ಅಗತ್ಯವೇ ಆಗಿತ್ತು. ಆದರೆ ಹಳೆಯ ಪ್ಲೌ ಲೇನ್ ಅಂಗಣವನ್ನು ಹಾಗೆ ಮಾರ್ಪಡಿಸುವುದು ಸಾಧ್ಯವಿಲ್ಲವೆಂದು ತಂಡದ ಒಡೆಯರು ತೀರ್ಮಾನಿಸಿದರು. 1991ರಲ್ಲಿ ತಂಡ ತನ್ನ ಮನೆಯನ್ನು ತೊರೆದು, ಲಂಡನ್ನಿನ ಇನ್ನೊಂದು ಭಾಗದಲ್ಲಿದ್ದ ಕ್ರಿಸ್ಟಲ್ ಪ್ಯಾಲೇಸ್ ತಂಡದ ಸೆಲ್‌ಹರ್ಸ್ಟ್ ಪಾರ್ಕಿನಲ್ಲಿ ಬಾಡಿಗೆದಾರನಾಯಿತು. ಕೆಲವು ಕಾಲಕ್ಕೆಂದು ಹೊರಟವರಿಗೆ ಹಿಂದಿರುಗುವ ದಾರಿ ಮುಚ್ಚಿಹೋಯಿತು. 1998ರಲ್ಲಿ ಹಳೆಯ ಅಂಗಣದ ಜಾಗ ಒಂದು ಅಂಗಡಿ ಸಂಸ್ಥೆಗೆ ಮಾರಾಟವಾಯಿತು.

ಮನೆಯಿಲ್ಲದ ತಂಡಕ್ಕೆ ಜನ ಬರುವುದು ಕಡಿಮೆಯಾಯಿತು. ಜನ ಬರದಿದ್ದುದರಿಂದ ಹಣ ಕಡಿಮೆಯಾಯಿತು. ಒಡೆತನ ಕೈ ಬದಲಾಯಿತು. 2000ದ ಮೇ 14ರಂದು, ಕಪ್ ಗೆದ್ದ ದಿನದಿಂದ ಸರಿಯಾಗಿ ಹನ್ನೆರಡು ವರ್ಷಗಳ ಬಳಿಕ, ವಿಂಬಲ್ಡನ್ ಅತ್ಯುನ್ನತ ದರ್ಜೆಯಿಂದ ಕೆಳಗಿಳಿಯಿತು. ಮರುವರ್ಷ ಒಡೆಯರು ಒಂದು ಯೋಜನೆಯನ್ನು ಪ್ರಕಟಿಸಿದರು. ತಂಡವನ್ನು ಸುಮಾರು 90 ಕಿಲೋಮೀಟರ್ ದೂರದ ಮಿಲ್ಟನ್ ಕೀನ್ಸ್ ಎಂಬ ಹೊಸ ಪಟ್ಟಣಕ್ಕೆ ಒಯ್ಯುವುದೇ ಆ ಯೋಜನೆ.

ಒಡೆಯರ ವಾದವೂ ಪೂರಾ ಹುರುಳಿಲ್ಲದುದಾಗಿರಲಿಲ್ಲ. ತಂಡ ನಷ್ಟದಲ್ಲಿ ನಡೆಯುತ್ತಿದೆ, ವಿಂಬಲ್ಡನ್ನಿನಲ್ಲಿ ಅಂಗಣಕ್ಕೆ ನೆಲ ದೊರೆಯುತ್ತಿಲ್ಲ, ಮಿಲ್ಟನ್ ಕೀನ್ಸಿನಲ್ಲಿ ಜನರಿದ್ದಾರೆ ಆದರೆ ತಂಡವಿಲ್ಲ ಎಂದು ಅವರು ಹೇಳಿದರು. ಇದಕ್ಕೆ ಅಭಿಮಾನಿಗಳು ಕೊಟ್ಟ ಉತ್ತರ ಸರಳವಾಗಿತ್ತು. ತಂಡವೆಂಬುದು ಅಂಗಡಿಯಲ್ಲ, ವ್ಯಾಪಾರ ಕುದುರದೆಂದು ಬೇರೆ ಪೇಟೆಗೆ ಸಾಗಿಸಲಾಗದು. ಮಿಲ್ಟನ್ ಕೀನ್ಸಿನವರಿಗೆ ತಂಡ ಬೇಕಾದರೆ ಎಲ್ಲರಂತೆ ಕೆಳಗಿನ ಮೆಟ್ಟಿಲಿನಿಂದ ಕಟ್ಟಿಕೊಳ್ಳಲಿ ಎಂದರು. ಮೆರವಣಿಗೆಗಳು ನಡೆದುವು, ಮನವಿಗಳು ಹೋದುವು. ಕೊನೆಗೆ ಮೂವರು ಸದಸ್ಯರ ಸಮಿತಿಯೊಂದು ವಿಚಾರಣೆ ನಡೆಸಿ, 2002ರ ಮೇ 28ರಂದು, ಇಬ್ಬರ ಬಹುಮತದಿಂದ ವರ್ಗಾವಣೆಗೆ ಒಪ್ಪಿಗೆ ನೀಡಿತು. ವಿಂಬಲ್ಡನ್ನಿನಲ್ಲಿಯೇ ಹೊಸ ತಂಡವೊಂದನ್ನು ಕಟ್ಟುವ ಮಾತು ಕಾಲ್ಚೆಂಡಾಟದ ವಿಶಾಲ ಹಿತಕ್ಕೆ ಒಗ್ಗುವುದಿಲ್ಲವೆಂಬ ಅಭಿಪ್ರಾಯವೂ ಆ ತೀರ್ಪಿನಲ್ಲಿ ಬಂದಿತು.

ಒಂದು ನೂರ ಹದಿಮೂರು ವರ್ಷಗಳ ತಂಡ ಹೀಗೆ ಊರಿನ ಕೈತಪ್ಪಿತು. ಅಂದು ಅಭಿಮಾನಿಗಳಲ್ಲಿ ಅನೇಕರು ಅತ್ತರು. ಆದರೆ ಎರಡೇ ದಿನಗಳಲ್ಲಿ ಅವರು ಊರಿನ ಸಮುದಾಯ ಭವನದಲ್ಲಿ ಸಭೆ ಸೇರಿದರು. ನ್ಯಾಯಾಲಯದ ಮೆಟ್ಟಿಲು ಹತ್ತಿ ಇನ್ನೂ ಹೋರಾಡಬೇಕೆಂದು ಕೆಲವರು ಹೇಳಿದರು. ಹೋರಾಡಿ ದಣಿದ ಕ್ರಿಸ್ ಸ್ಟೂವರ್ಟ್ ಎಂಬವರು, ತಮಗೆ ಬೇಕಾದುದು ಆಟ ನೋಡುವುದಷ್ಟೇ ಎಂಬ ಮಾತನ್ನಾಡಿದರು. ಆ ಮಾತು ಸಭೆಯ ಮನಸ್ಸನ್ನು ತಿರುಗಿಸಿತು. ಕಳೆದುದಕ್ಕಾಗಿ ಅಳುವ ಬದಲು ಹೊಸದನ್ನು ಕಟ್ಟುವ ನಿರ್ಧಾರವಾಯಿತು. ಹೊಸ ತಂಡದ ಹೆಸರು ‘ಎ. ಎಫ್. ಸಿ. ವಿಂಬಲ್ಡನ್’; ಸ್ಟೂವರ್ಟ್ ಅದರ ಮೊದಲ ಅಧ್ಯಕ್ಷರಾದರು.

ತಂಡವೇನೋ ಹುಟ್ಟಿತು, ಆಡುವವರು ಯಾರು? ಆಟಗಾರರು ಬೇಕಾಗಿದ್ದಾರೆಂದು ಡಂಗುರ ಸಾರಿದಂತೆ ಪ್ರಕಟಣೆ ಹೊರಟಿತು. 2002ರ ಜೂನ್ ಕೊನೆಯಲ್ಲಿ ಸುಮಾರು 230 ಮಂದಿ ಪರೀಕ್ಷೆಗಾಗಿ ಬಂದು ಸೇರಿದರು. ಸೇರಿದ ಸ್ಥಳ ಯಾವುದು? 1889ರಲ್ಲಿ ಶಾಲೆಯ ಹುಡುಗರು ಮೊದಲು ಚೆಂಡನ್ನೊದೆದ ಅದೇ ಸಾರ್ವಜನಿಕ ಬಯಲು. ಜುಲೈ 10ರಂದು ಸಟನ್ ಯುನೈಟೆಡ್ ತಂಡದೊಡನೆ ಸ್ನೇಹಪಂದ್ಯ ಏರ್ಪಟ್ಟಿತು. ಕೆಲವು ವಾರಗಳ ಹಿಂದೆ ಅಸ್ತಿತ್ವದಲ್ಲಿಯೇ ಇಲ್ಲದಿದ್ದ ತಂಡವನ್ನು ನೋಡಲು 4,657 ಜನ ಬಂದರು. ವಿಂಬಲ್ಡನ್ 4–0ರಿಂದ ಸೋತಿತು. ಆದರೂ ಪಂದ್ಯ ಮುಗಿದಾಗ ಜನ ಸಂಭ್ರಮಿಸಿದರು. ಸೋಲಿಗೆ ಯಾರೂ ಲೆಕ್ಕವಿಡಲಿಲ್ಲ. ಅವರಿಗೆ ತಮ್ಮ ತಂಡ ಮರಳಿ ಸಿಕ್ಕಿತ್ತು.

ಈ ತಂಡದ ಒಡೆತನದ ರೀತಿಯೂ ಗಮನಿಸತಕ್ಕದ್ದು. ಒಬ್ಬ ಧನಿಕನ ಕೈಗೆ ಸಿಕ್ಕಿ ಕೆಟ್ಟ ಅನುಭವ ಅವರಿಗಿತ್ತು. ಆದ್ದರಿಂದ ಅಭಿಮಾನಿಗಳೇ ಸೇರಿ ರಚಿಸಿದ ‘ಡಾನ್ಸ್ ಟ್ರಸ್ಟ್’ ಎಂಬ ಸಂಘಕ್ಕೆ ತಂಡದ ಬಹುಪಾಲು ಒಡೆತನವನ್ನು ವಹಿಸಲಾಯಿತು. ಅದರಲ್ಲಿ ಪ್ರತಿ ಸದಸ್ಯನಿಗೂ ಒಂದೇ ಮತ. ಸಾವಿರ ಪೌಂಡು ಕೊಟ್ಟವರಿಗೂ ಹತ್ತು ಪೌಂಡು ಕೊಟ್ಟವರಿಗೂ ಸಮಾನ ಅಧಿಕಾರ. 1975ರಲ್ಲಿ ಲೊರಿಮರ್ ಅವರ ಪೆನಾಲ್ಟಿಯನ್ನು ತಡೆದ ಡಿಕಿ ಗೈ ಅವರನ್ನು ಮುಂದೆ ತಂಡದ ಗೌರವಾಧ್ಯಕ್ಷರನ್ನಾಗಿ ಮಾಡಿಕೊಂಡು, ಹಳೆಯ ಎಳೆಯನ್ನು ಹೊಸ ನೂಲಿಗೆ ಹೊಸೆದರು.

ಆಟ ಆರಂಭವಾದುದು ಏಣಿಯ ತೀರ ಕೆಳಗಿನ ಮೆಟ್ಟಿಲುಗಳಲ್ಲೊಂದಾದ ಕಂಬೈನ್ಡ್ ಕೌಂಟೀಸ್ ಲೀಗಿನಲ್ಲಿ. ನೆರೆಯ ಕಿಂಗ್‌ಸ್ಟನ್ನಿನ ಕಿಂಗ್ಸ್‌ಮೆಡೊ ಅಂಗಣ ಅವರ ತಾತ್ಕಾಲಿಕ ನೆಲೆಯಾಯಿತು. ಹಳ್ಳಿಯ ತಂಡಗಳೊಡನೆ ನಡೆಯುವ ಆ ಪಂದ್ಯಗಳಿಗೂ ಸರಾಸರಿ ಮೂರು ಸಾವಿರದಷ್ಟು ಜನ ಬರುತ್ತಿದ್ದರು. 2003–04ರ ಋತುವಿನಲ್ಲಿ ಆಡಿದ 46 ಲೀಗ್ ಪಂದ್ಯಗಳಲ್ಲಿ 42ನ್ನು ಗೆದ್ದು, 4ನ್ನು ಸಮ ಮಾಡಿಕೊಂಡು, ಒಂದನ್ನೂ ಸೋಲದೆ ತಂಡ ಮೇಲೇರಿತು. 2003ರ ಫೆಬ್ರವರಿಯಿಂದ 2004ರ ಡಿಸೆಂಬರ್‌ವರೆಗೆ ಒಂದೇ ಸಮನೆ 78 ಲೀಗ್ ಪಂದ್ಯಗಳಲ್ಲಿ ಸೋಲರಿಯದಿದ್ದುದು ಇಂಗ್ಲೆಂಡಿನ ಹಿರಿಯರ ಕಾಲ್ಚೆಂಡಾಟದಲ್ಲಿ ಒಂದು ದಾಖಲೆ. 2004, 2005, 2008, 2009 – ಹೀಗೆ ಮೆಟ್ಟಿಲಿನ ಮೇಲೆ ಮೆಟ್ಟಿಲು. 2011ರ ಮೇ 21ರಂದು ಮ್ಯಾಂಚೆಸ್ಟರಿನಲ್ಲಿ ಲೂಟನ್ ಟೌನ್ ತಂಡದೊಡನೆ ನಿರ್ಣಾಯಕ ಪಂದ್ಯ. ಗೋಲಿಲ್ಲದೆ ಮುಗಿದ ಆ ಪಂದ್ಯ ಪೆನಾಲ್ಟಿಗಳಿಂದ ನಿರ್ಧಾರವಾಯಿತು. ಗೋಲ್‌ಕೀಪರ್ ಸೆಬ್ ಬ್ರೌನ್ ಎರಡು ಒದೆತಗಳನ್ನು ತಡೆದರು. ಕೊನೆಯ ಒದೆತವನ್ನು ನಾಯಕ ಡ್ಯಾನಿ ಕೆಡ್ವೆಲ್ ಗೋಲಾಗಿಸಿದರು. ಹಳೆಯ ತಂಡ ಲೀಗಿನ ಬುಡದಿಂದ ತುದಿಗೇರಲು ಒಂಬತ್ತು ವರ್ಷ ಹಿಡಿದಿತ್ತು. ಹೊಸ ತಂಡ ಬಯಲಿನಿಂದ ಲೀಗಿಗೆ ಬರಲೂ ಅಷ್ಟೇ ವರ್ಷ ಹಿಡಿಯಿತು.

ಇತ್ತ ಮಿಲ್ಟನ್ ಕೀನ್ಸಿಗೆ 2003ರಲ್ಲಿ ಹೋದ ತಂಡ ಮರುವರ್ಷವೇ ತನ್ನ ಹೆಸರನ್ನು ‘ಮಿಲ್ಟನ್ ಕೀನ್ಸ್ ಡಾನ್ಸ್’ ಎಂದು ಬದಲಿಸಿಕೊಂಡಿತು. 2007ರಲ್ಲಿ, ಆದ ಒಪ್ಪಂದದಂತೆ, ಹಳೆಯ ವಿಂಬಲ್ಡನ್ನಿನ ಪ್ರಶಸ್ತಿಗಳನ್ನೂ ಸ್ಮರಣಿಕೆಗಳನ್ನೂ ಅದು ವಿಂಬಲ್ಡನ್ ಸೇರಿರುವ ಮರ್ಟನ್ ಆಡಳಿತಕ್ಕೆ ಒಪ್ಪಿಸಿತು. ಊರಿನ ನೆನಪು ಊರಿಗೆ ಮರಳಿತು. 2012ರ ಡಿಸೆಂಬರಿನಲ್ಲಿ ಎರಡು ತಂಡಗಳೂ ಮೊದಲ ಬಾರಿಗೆ ಎದುರುಬದುರಾದಾಗ ಮಿಲ್ಟನ್ ಕೀನ್ಸ್ 2–1ರಿಂದ ಗೆದ್ದಿತು. 2016ರಲ್ಲಿ ವಿಂಬಲ್ಡನ್ ವೆಂಬ್ಲಿಯಲ್ಲಿ ಪ್ಲಿಮತ್ ತಂಡವನ್ನು 2–0ರಿಂದ ಸೋಲಿಸಿ ಮೂರನೆಯ ದರ್ಜೆಗೇರಿ, ಮಿಲ್ಟನ್ ಕೀನ್ಸಿನ ಪಕ್ಕದಲ್ಲಿಯೇ ನಿಂತಿತು. ಆ ದಿನ ತಂಡದ ವ್ಯವಸ್ಥಾಪಕರಾಗಿದ್ದ ನೀಲ್ ಆರ್ಡ್ಲಿ ಹಳೆಯ ವಿಂಬಲ್ಡನ್ನಿನಲ್ಲಿ ಆಡಿ ಬೆಳೆದವರು.

ಇನ್ನೊಂದು ಆಸೆ ಉಳಿದಿತ್ತು: ಮನೆಗೆ ಮರಳುವುದು. ಹಳೆಯ ಅಂಗಣದ ಜಾಗದಲ್ಲಿ ಆ ವೇಳೆಗೆ ವಸತಿ ಕಟ್ಟಡಗಳೆದ್ದಿದ್ದುವು. ಅದರಿಂದ ಕೂಗಳತೆಯ ದೂರದಲ್ಲಿ, ಅದೇ ಪ್ಲೌ ಲೇನಿನಲ್ಲಿ, ಬೇಟೆನಾಯಿಗಳ ಓಟದ ಹಳೆಯ ಕ್ರೀಡಾಂಗಣವಿತ್ತು. ಅಲ್ಲಿ ಹೊಸ ಅಂಗಣ ಕಟ್ಟಲು ಅನುಮತಿ ದೊರೆಯಿತು. ಕಿಂಗ್ಸ್‌ಮೆಡೊ ಅಂಗಣವನ್ನು ಚೆಲ್ಸೀ ತಂಡಕ್ಕೆ ಮಾರಿದರು. ಆದರೂ ಹಣ ಸಾಲದಾಯಿತು. ಹೊರಗಿನ ಬಂಡವಾಳಗಾರರಿಗೆ ಒಡೆತನ ಬಿಟ್ಟುಕೊಡುವುದೋ ಬೇಡವೋ ಎಂಬ ಸಂಕಟ ಎದುರಾದಾಗ, ಅಭಿಮಾನಿಗಳು ಸಾಲಪತ್ರಗಳ ಮೂಲಕ 2020ರ ಆರಂಭದಲ್ಲಿ 50 ಲಕ್ಷ ಪೌಂಡಿಗೂ ಹೆಚ್ಚಿನ ಹಣವನ್ನು ತಾವೇ ಕೂಡಿಸಿದರು.

2020ರ ನವೆಂಬರ್ 3ರಂದು, ಇಪ್ಪತ್ತೊಂಬತ್ತು ವರ್ಷಗಳ ಅಲೆದಾಟದ ಬಳಿಕ, ವಿಂಬಲ್ಡನ್ ತಂಡ ಪ್ಲೌ ಲೇನಿನಲ್ಲಿ ಮತ್ತೆ ಆಡಿತು. ವಿಧಿಯ ವಿನೋದವನ್ನು ನೋಡಿ: ಕೊರೋನಾ ಸಾಂಕ್ರಾಮಿಕದ ಕಾರಣ ಅಂದು ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. ಮನೆ ಕಟ್ಟಿದವರೇ ಗೃಹಪ್ರವೇಶದ ದಿನ ಹೊರಗೆ ಉಳಿದರು. ಡಾನ್‌ಕಾಸ್ಟರ್ ತಂಡದೊಡನೆ ನಡೆದ ಆ ಪಂದ್ಯ 2–2ರಿಂದ ಸಮವಾಯಿತು. ಆದರೆ ಆ ಕಷ್ಟದ ವರ್ಷದಲ್ಲಿ ಅಭಿಮಾನಿಗಳು ಸುಮ್ಮನೆ ಕುಳಿತಿರಲಿಲ್ಲ. ಸುತ್ತಲಿನ ಬಡ ಕುಟುಂಬಗಳಿಗೆ ದವಸಧಾನ್ಯಗಳನ್ನೂ, ಮನೆಯಲ್ಲಿಯೇ ಓದಬೇಕಾಗಿದ್ದ ಮಕ್ಕಳಿಗೆ ಕಂಪ್ಯೂಟರುಗಳನ್ನೂ ಒದಗಿಸುವ ಕೆಲಸದಲ್ಲಿ ತೊಡಗಿದ್ದರು. ತಂಡ ಕಟ್ಟಿದ ಕೈಗಳೇ ಊರನ್ನೂ ಕಾದುವು.

ಮನೆಗೆ ಮರಳಿದ ಮಾತ್ರಕ್ಕೆ ಬೀಳು ನಿಲ್ಲಲಿಲ್ಲ. 2022ರಲ್ಲಿ ತಂಡ ಮತ್ತೆ ನಾಲ್ಕನೆಯ ದರ್ಜೆಗೆ ಇಳಿಯಿತು. 2024ರ ಸೆಪ್ಟೆಂಬರಿನಲ್ಲಿ ಸುರಿದ ಮಳೆಗೆ ಪಕ್ಕದ ವಾಂಡಲ್ ನದಿ ಉಕ್ಕಿ, ಅಂಗಣದ ನೆಲವೇ ಕುಸಿದು ಹೊಂಡ ಬಿದ್ದಿತು. ಆಗಲೂ ಜನರೇ ನೆರವಿಗೆ ನಿಂತರು. ಒಂದು ಲಕ್ಷ ಪೌಂಡಿಗೂ ಹೆಚ್ಚಿನ ದೇಣಿಗೆ ಕೂಡಿಬಂದಿತು. ನೆಲ ಸರಿಹೋಯಿತು, ಆಟ ಮುಂದುವರಿಯಿತು. ಅದೇ ಋತುವಿನ ಕೊನೆಯಲ್ಲಿ, 2025ರ ಮೇ 26ರಂದು, ವೆಂಬ್ಲಿಯಲ್ಲಿ ವಾಲ್ಸಾಲ್ ತಂಡವನ್ನು 1–0ರಿಂದ ಸೋಲಿಸಿ ವಿಂಬಲ್ಡನ್ ಮತ್ತೊಮ್ಮೆ ಮೂರನೆಯ ದರ್ಜೆಗೆ ಏರಿತು. 2002ರಲ್ಲಿ ಹುಟ್ಟಿದ ಮೇಲೆ ಅದು ಏಳನೆಯ ಏರಿಕೆ.

ಲೋಕದ ದೊಡ್ಡ ತಂಡಗಳ ಸಾಲಿನಲ್ಲಿ ವಿಂಬಲ್ಡನ್ನಿನ ಹೆಸರಿಲ್ಲ. ಅದರ ಬೀರುವಿನಲ್ಲಿ ಕಪ್ಪುಗಳ ರಾಶಿಯೂ ಇಲ್ಲ. 1988ರಲ್ಲಿ ಅದು ಗೆದ್ದ ಕಪ್ಪು ದೊಡ್ಡದು, ನಿಜ. ಆದರೆ 2002ರ ಬೇಸಗೆಯಲ್ಲಿ ಬರಿಗೈಯ ಜನ ಬಯಲಿನಲ್ಲಿ ನಿಂತು ತಂಡವನ್ನು ಮೊದಲಿನಿಂದ ಕಟ್ಟಲು ತೊಡಗಿದರಲ್ಲ, ಆ ಗೆಲುವು ಇನ್ನೂ ದೊಡ್ಡದು. ಹೆಸರನ್ನು ಕೊಳ್ಳಬಹುದು, ಆಟಗಾರರನ್ನು ಕೊಳ್ಳಬಹುದು, ಲೀಗಿನಲ್ಲಿರುವ ಸ್ಥಾನವನ್ನೂ ಹೊತ್ತೊಯ್ಯಬಹುದು. ಊರಿನ ಜನರ ಪ್ರೀತಿಯನ್ನು ಹೊತ್ತೊಯ್ಯುವ ಬಂಡಿ ಇನ್ನೂ ಸಿದ್ಧವಾಗಿಲ್ಲ. ಉತ್ತ ನೆಲದಲ್ಲಿ ಬೆಳೆ ಒಮ್ಮೆ ಹಾಳಾದರೂ ರೈತ ನೇಗಿಲನ್ನು ಕೆಳಗಿಡುವುದಿಲ್ಲ. ಮುಂದಿನ ಮಳೆಗೆ ಕಾದು ಮತ್ತೆ ಉಳುತ್ತಾನೆ. ನೇಗಿಲ ಓಣಿಯವರು ಮಾಡಿದುದೂ ಅದನ್ನೇ.